ದಂಡ ಖಜಾನೆಗೆ, ನಷ್ಟ ಗ್ರಾಹಕರಿಗೆ

2023ರ ಮಾರ್ಚ್ ತಿಂಗಳಲ್ಲಿ ಸೈಬರಾಬಾದ್ ಪೊಲೀಸರು ಏಳು ಮಂದಿಯನ್ನು ಹಿಡಿದರು. ನೋಯ್ಡಾದಲ್ಲಿ ಕಾಲ್‌ಸೆಂಟರ್ ಇಟ್ಟುಕೊಂಡು 16.8 ಕೋಟಿ ಜನರ ಹೆಸರು, ಮೊಬೈಲ್ ಸಂಖ್ಯೆ, ವಿಳಾಸಗಳನ್ನು ಮಾರುತ್ತಿದ್ದರೆಂಬುದು ಅವರ ಮೇಲಿನ ಆರೋಪ. ಆ ಕಡತಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ರಕ್ಷಣಾ ಸಿಬ್ಬಂದಿಯ ವಿವರವಿತ್ತು. ನೀಟ್ ಬರೆದ ಮಕ್ಕಳು, ಪ್ಯಾನ್ ಕಾರ್ಡ್ ಉಳ್ಳವರು, ಹಿರಿಯ ನಾಗರಿಕರು, ಹೀಗೆ ಜನರನ್ನು ವಿಂಗಡಿಸಿ ಇಡಲಾಗಿತ್ತು. ಹತ್ತು ದಿನ ಕಳೆಯುವಷ್ಟರಲ್ಲಿ ಫರೀದಾಬಾದ್‌ನ ಇನ್ನೊಬ್ಬ ಸಿಕ್ಕಿಬಿದ್ದ. ಅವನ ಬಳಿ 24 ರಾಜ್ಯಗಳ, 8 ಮಹಾನಗರಗಳ 66.9 ಕೋಟಿ ವ್ಯಕ್ತಿಗಳ ಹಾಗೂ ಸಂಸ್ಥೆಗಳ ಮಾಹಿತಿ ಇತ್ತೆಂದು ಪೊಲೀಸರು ಪ್ರಕಟಿಸಿದರು. ಮೊದಲ ಗುಂಪು 50,000 ಜನರ ಮಾಹಿತಿಯನ್ನು 2,000 ರೂಪಾಯಿಗೂ ಕೊಟ್ಟಿತ್ತು. ಲೆಕ್ಕ ಹಾಕಿ ನೋಡಿ, ತಲೆಗೆ ನಾಲ್ಕು ಪೈಸೆ.

ಪೊಲೀಸರು ಬ್ಯಾಂಕುಗಳೂ ಸೇರಿದಂತೆ 11 ಸಂಸ್ಥೆಗಳಿಗೆ ನೋಟಿಸ್ ಕಳಿಸಿದರು. ಪತ್ರಿಕೆಗಳ ಮುಖಪುಟದಲ್ಲಿ ಸುದ್ದಿ ಬಂತು. ನಾಲ್ಕು ಪೈಸೆಗೆ ಮಾರಾಟವಾದ ಮನುಷ್ಯನಿಗೆ ಏನು ಬಂತು? ನಿಮ್ಮ ಹೆಸರೂ ಆ ಪಟ್ಟಿಯಲ್ಲಿದೆ ಎಂದು ಅವನಿಗೆ ತಿಳಿಸುವ ಹೊಣೆಯನ್ನು ಕೂಡ ಆಗಿನ ಯಾವ ಕಾನೂನೂ ಕಂಪನಿಗಳ ಮೇಲೆ ಹೊರಿಸಿರಲಿಲ್ಲ. ಈಗ ಡೇಟಾ ಸಂರಕ್ಷಣೆಗೆ ಹೊಸ ಕಾಯ್ದೆ ಬಂದಿದೆ, ಇನ್ನು ಎಲ್ಲ ಸರಿಹೋಗುತ್ತದೆ ಎಂದು ಹೇಳುವವರು ನನ್ನ ಸುತ್ತ ಬಹಳ ಮಂದಿ ಇದ್ದಾರೆ. ನಾನು ಒಪ್ಪುವುದಿಲ್ಲ. ಗ್ರಾಹಕರ ಕೈಯಲ್ಲಿದ್ದ ಪರಿಹಾರದ ಹಕ್ಕೊಂದನ್ನು ಕಿತ್ತುಕೊಳ್ಳುವ ಏರ್ಪಾಡು ಆ ಕಾಯ್ದೆಯೊಳಗೇ ಇದೆ.

ನಮ್ಮ ಮಾಹಿತಿಯ ಜಗಳ ಶುರುವಾಗುವುದು ಬಿಲ್ಲಿಂಗ್ ಕೌಂಟರಿನಲ್ಲಿ. ಹೈದರಾಬಾದಿನ ಕುಕಟ್‌ಪಲ್ಲಿಯ ಬಟ್ಟೆ ಅಂಗಡಿಯಿರಲಿ, ಅಮೀರ್‌ಪೇಟೆಯ ಚಪ್ಪಲಿ ಅಂಗಡಿಯಿರಲಿ, ಪಂಜಗುಟ್ಟದ ಔಷಧಿ ಅಂಗಡಿಯಿರಲಿ, ಹಣ ಕೊಡುವ ಮೊದಲೇ ‘ನಂಬರ್ ಚೆಪ್ಪಂಡಿ’ (ನಂಬರ್ ಹೇಳಿ) ಎಂಬ ಮಾತು ಬರುತ್ತದೆ. ಏಕೆ ಎಂದು ಕೇಳಿದರೆ ಕೌಂಟರಿನ ಹುಡುಗಿ ಕಂಪ್ಯೂಟರಿನ ಕಡೆ ಕೈ ತೋರಿಸುತ್ತಾಳೆ. ಹತ್ತು ಅಂಕೆ ತುಂಬದೆ ಪರದೆ ಮುಂದಕ್ಕೆ ಹೋಗುವುದಿಲ್ಲ. ಅವಳದೇನೂ ತಪ್ಪಿಲ್ಲ, ಅವಳು ಸಂಬಳಕ್ಕೆ ದುಡಿಯುವವಳು. ಹಿಂದೆ ನಿಂತವರು ಗೊಣಗುತ್ತಾರೆ. ‘ಒಂದು ನಂಬರ್ ಕೊಟ್ಟರೆ ಗಂಟೇನು ಹೋಗುತ್ತೆ?’ ಎಂದು ಜೊತೆಗೆ ಬಂದವರೇ ಕೇಳುತ್ತಾರೆ. ಮರ್ಯಾದೆಗೆ ಅಂಜಿ ಕೊಟ್ಟುಬಿಡುತ್ತೇವೆ.

ಕೊಡಬೇಕಾಗಿಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಇದನ್ನು ಸ್ಪಷ್ಟವಾಗಿ ಹೇಳಿತು. ಮೊಬೈಲ್ ಸಂಖ್ಯೆ ಕೊಡದಿದ್ದರೆ ಮಾರುವುದಿಲ್ಲ ಎಂದು ಹಟ ಹಿಡಿಯುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಆಗಿನ ಕಾರ್ಯದರ್ಶಿ ರೋಹಿತ್ ಕುಮಾರ್ ಸಿಂಗ್ ಸಾರಿದರು. ವಾಣಿಜ್ಯ ಸಂಘಟನೆಗಳಿಗೆ ಸಲಹಾಪತ್ರ ಹೋಯಿತು. ಆದರೂ ಕೌಂಟರಿನ ಪರದೆ ಬದಲಾಗಲಿಲ್ಲ. ಸಲಹಾಪತ್ರವೆಂದರೆ ಬರೀ ಸಲಹೆಯಲ್ಲವೇ, ಬದಲಾಗುವುದಾದರೂ ಏಕೆ?

ಬೀದರ್, ಕಲಬುರಗಿ, ರಾಯಚೂರಿನ ಓದುಗರಿಗೆ ಹೈದರಾಬಾದ್ ದೂರದ ಊರಲ್ಲ. ದೊಡ್ಡ ಕಾಯಿಲೆ ಬಂದರೆ ಬರುವುದು ಇಲ್ಲಿಗೇ, ಮದುವೆ ಜವಳಿಗೆ ಬರುವುದೂ ಇಲ್ಲಿಗೇ. ಆಸ್ಪತ್ರೆಯ ನೋಂದಣಿ ಕಿಟಕಿಯಿಂದ ಹಿಡಿದು ಸ್ಕ್ಯಾನಿಂಗ್ ಕೋಣೆಯವರೆಗೆ ಅವರ ಸಂಖ್ಯೆ ಎಷ್ಟು ಕೈ ದಾಟುತ್ತದೆಂದು ಯೋಚಿಸಿ. ನಮ್ಮ ಮನೆಯ ಹಿರಿಯರೊಬ್ಬರು ಇಲ್ಲಿನ ಒಂದು ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡರು. ವರದಿ ವಾಟ್ಸ್‌ಆ್ಯಪ್‌ಗೆ ಬಂದ ವಾರದೊಳಗೆ ಸಕ್ಕರೆ ಕಾಯಿಲೆಗೆ ಮದ್ದು ಮಾರುವವರ ಕರೆಗಳು ಶುರುವಾದವು. ಮಕ್ಕಳಿಗೂ ಇನ್ನೂ ಹೇಳಿರದ ಕಾಯಿಲೆಯ ಹೆಸರನ್ನು ಅಪರಿಚಿತನೊಬ್ಬ ಫೋನಿನಲ್ಲಿ ಉಚ್ಚರಿಸಿದಾಗ ಅವರಿಗಾದ ಅವಮಾನವನ್ನು ನಾನು ಕಣ್ಣಾರೆ ಕಂಡಿದ್ದೇನೆ.

‘ಮುಚ್ಚಿಡೋದಕ್ಕೆ ನಮ್ಮ ಹತ್ತಿರ ಏನಿದೆ?’ ಎನ್ನುವವರು 2020ರ ಕೊನೆಯಲ್ಲಿ ಇದೇ ಊರಿನಲ್ಲಿ ನಡೆದದ್ದನ್ನು ನೆನೆಯಬೇಕು. ಲಾಕ್‌ಡೌನ್‌ನಲ್ಲಿ ದುಡಿಮೆ ನಿಂತಿತ್ತು. ಐದು ಸಾವಿರ, ಹತ್ತು ಸಾವಿರದ ಸಾಲಕ್ಕಾಗಿ ಜನ ಫೋನಿನಲ್ಲಿ ಆ್ಯಪ್ ಹಾಕಿಕೊಂಡರು. ಹಾಕುವಾಗಲೇ ಅದು ಫೋನಿನಲ್ಲಿದ್ದ ಅಷ್ಟೂ ಸಂಪರ್ಕ ಸಂಖ್ಯೆಗಳನ್ನು, ಫೋಟೊಗಳನ್ನು ಎಳೆದುಕೊಂಡಿತು. ಕಂತು ತಪ್ಪಿದ ಮರುದಿನದಿಂದ ತಾಯಿಗೆ, ಮಾವನಿಗೆ, ಆಫೀಸಿನ ಮೇಲಧಿಕಾರಿಗೆ ಕರೆ; ಸಾಲಗಾರರ ಫೋಟೊದ ಮೇಲೆ ಕಳ್ಳ, ಮೋಸಗಾರ ಎಂದು ಬರೆದು ನೆಂಟರಿಷ್ಟರಿಗೆಲ್ಲ ರವಾನೆ. ತೆಲಂಗಾಣದಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಹೈದರಾಬಾದ್ ಪೊಲೀಸರು ಇಲ್ಲಿಯ ಮತ್ತು ಗುರುಗ್ರಾಮದ ಕಾಲ್‌ಸೆಂಟರ್‌ಗಳ ಮೇಲೆ ದಾಳಿ ಮಾಡಿದಾಗ ಬಯಲಾದ ವಹಿವಾಟು ಸುಮಾರು 21,000 ಕೋಟಿ ರೂಪಾಯಿ. ಸತ್ತವರ ಬಳಿ ಇದ್ದ ಗುಟ್ಟು ಯಾವುದು? ಒಂದು ಸಣ್ಣ ಸಾಲ, ಅಷ್ಟೆ. ಅವರನ್ನು ಕೊಂದದ್ದು ಅವರ ಫೋನಿನಲ್ಲಿದ್ದ ಸಂಪರ್ಕಪಟ್ಟಿ.

ರಿಸರ್ವ್ ಬ್ಯಾಂಕ್ 2020ರ ಡಿಸೆಂಬರ್ 23ರಂದು ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಸಾಲದ ಆ್ಯಪ್‌ಗಳು ಸಂಪರ್ಕಪಟ್ಟಿ, ಕರೆಗಳ ದಾಖಲೆ, ಫೋಟೊಗಳನ್ನು ಮುಟ್ಟಕೂಡದು ಎಂಬ ಮಾರ್ಗಸೂಚಿ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಹಾಕಿದ್ದು ಒಳ್ಳೆಯದೇ, ಸೂರೆ ಹೋದ ಮನೆಗಳ ಲೆಕ್ಕ ಮಾತ್ರ ಯಾರ ಖಾತೆಗೂ ಸೇರಲಿಲ್ಲ.

ಇನ್ನೊಂದು ಪ್ರಕರಣವನ್ನು ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. 2018ರ ಜೂನ್‌ನಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯ ಒಬ್ಬ ಸಿಮ್ ವ್ಯಾಪಾರಿ ಸಿಕ್ಕಿಬಿದ್ದ. ನೋಂದಣಿ ಇಲಾಖೆಯ ಜಾಲತಾಣದಿಂದ ಜಮೀನಿನ ಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳಿಂದ ಪಾಲಿಮರ್ ಅಚ್ಚು ತಯಾರಿಸಿ, ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ್ದ. ಪಾಠ ಕಣ್ಣಿಗೆ ರಾಚುವಂತಿತ್ತು: ಜನರ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಒಂದೇ ಪತ್ರದಲ್ಲಿಟ್ಟು ಕಂಡವರಿಗೆ ಸಿಗುವಂತೆ ಮಾಡಬೇಡಿ. ಪಕ್ಕದ ರಾಜ್ಯ ಕಲಿಯಲಿಲ್ಲ. ಐದು ವರ್ಷದ ನಂತರ, 2023ರಲ್ಲಿ, ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಗಳಿಂದ ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ಮಾಯವಾಗತೊಡಗಿತು. ಮಂಗಳೂರು, ಬೆಂಗಳೂರಿನಲ್ಲಿ ದೂರುಗಳು ದಾಖಲಾದವು. ಹಣ ಕಳೆದುಕೊಂಡವರನ್ನು ಯಾರೂ ಒಟಿಪಿ ಕೇಳಿರಲಿಲ್ಲ, ಅವರು ಯಾವ ಲಿಂಕನ್ನೂ ಒತ್ತಿರಲಿಲ್ಲ. ಅವರು ಮಾಡಿದ್ದ ‘ತಪ್ಪು’ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾನೂನು ಹೇಳಿದಂತೆ ಹೆಬ್ಬೆಟ್ಟು ಒತ್ತಿದ್ದು. ಆಗ ಜನರಿಗೆ ಸಿಕ್ಕ ಸಲಹೆ ಏನು? ನಿಮ್ಮ ಬಯೊಮೆಟ್ರಿಕ್ ಅನ್ನು ನೀವೇ ಲಾಕ್ ಮಾಡಿಕೊಳ್ಳಿ.

ಪ್ರತಿ ಸಲವೂ ಹೀಗೆಯೇ. ಕಳೆದುಕೊಂಡವರಿಗೆ ಬುದ್ಧಿವಾದ, ಸೋರಲು ಬಿಟ್ಟವರಿಗೆ ಬರೀ ನೋಟಿಸ್. ಕೆಲಕಾಲ ಫೋನ್ ಮಾಡಿದಾಗಲೆಲ್ಲ ಸೈಬರ್ ವಂಚನೆಯ ಬಗ್ಗೆ ಜಾಗೃತಿಯ ದನಿ ನಮಗೆ ಉಪದೇಶ ಮಾಡುತ್ತಿತ್ತು. ನಮ್ಮ ಸಂಖ್ಯೆ, ವಿಳಾಸ, ಜನ್ಮದಿನ ವಂಚಕನ ಕೈಗೆ ಹೇಗೆ ಹೋಯಿತು ಎಂಬ ಪ್ರಶ್ನೆಯನ್ನು ಅದು ಎತ್ತಲಿಲ್ಲ.

ಕಾನೂನಿನ ವಿಷಯಕ್ಕೆ ಬರೋಣ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೊಂಬತ್ತು ದಾಟಿದ ವಯಸ್ಸಿನಲ್ಲಿ ಅವರು ದೇಶಕ್ಕೆ ಗೆದ್ದುಕೊಟ್ಟ ಹಕ್ಕಿಗೆ ಕಾಯ್ದೆಯ ರೂಪ ಬರಲು ಆರು ವರ್ಷ ಬೇಕಾಯಿತು. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಅಂಗೀಕಾರವಾಯಿತು. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ.

ಕಾಯ್ದೆಯಲ್ಲಿ ಒಳ್ಳೆಯದಿಲ್ಲವೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ಕೊಟ್ಟಿರುವ ಒಂದು ಉದಾಹರಣೆ ಔಷಧಿ ಅಂಗಡಿಯದೇ: ರಸೀದಿ ಮೊಬೈಲಿಗೆ ಕಳಿಸಿ ಎಂದು ಗ್ರಾಹಕರು ತಾವಾಗಿ ಸಂಖ್ಯೆ ಕೊಟ್ಟರೆ ಅಂಗಡಿ ಅದನ್ನು ರಸೀದಿ ಕಳಿಸಲು ಬಳಸಬಹುದು. ಇನ್ನೊಂದು ಉದಾಹರಣೆಯಲ್ಲಿ, ವೈದ್ಯಕೀಯ ಸಲಹೆಯ ಆ್ಯಪ್ ಸಂಪರ್ಕಪಟ್ಟಿ ಕೇಳಿ ಬಳಕೆದಾರರು ಒಪ್ಪಿದ್ದರೂ ಆ ಒಪ್ಪಿಗೆಗೆ ಬೆಲೆಯಿಲ್ಲ, ಏಕೆಂದರೆ ಆ ಸೇವೆಗೆ ಪಟ್ಟಿ ಬೇಕಿಲ್ಲ. ಹೈದರಾಬಾದಿನಲ್ಲಿ ಸತ್ತವರಿಗೆ ಈ ನಾಲ್ಕು ಸಾಲು ಮೊದಲೇ ಸಿಕ್ಕಿದ್ದರೆ ಎಂದು ಓದುವಾಗ ಸಂಕಟವಾಗುತ್ತದೆ. ಮಾಹಿತಿ ಸೋರಿದರೆ ಸಂಬಂಧಪಟ್ಟವರಿಗೆ ತಿಳಿಸಬೇಕು ಎಂಬ ನಿಯಮವೂ ಇದೆ. ಸುರಕ್ಷತೆಯಲ್ಲಿ ತಪ್ಪಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ.

ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ಮಾನ ಹೋದವರಿಗೆ, ಹಣ ಹೋದವರಿಗೆ, ಕಾಯಿಲೆಯ ಗುಟ್ಟು ಬೀದಿಪಾಲಾದವರಿಗೆ ಒಂದು ರೂಪಾಯಿಯೂ ಇಲ್ಲ. ಪರಿಹಾರ ಎಂಬ ಕಲಂ ಇಡೀ ಕಾಯ್ದೆಯಲ್ಲಿ ಇಲ್ಲ. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಕೊಟ್ಟ ಕರಡಿನಲ್ಲಿ ಅದಿತ್ತು. 2019ರ ಮಸೂದೆಯಲ್ಲೂ ಇತ್ತು. ಆಮೇಲೆ ಕೈಬಿಡಲಾಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್ 2009ರಿಂದ ಜಾರಿಯಲ್ಲಿದೆ. ಸೂಕ್ಷ್ಮ ಮಾಹಿತಿಯನ್ನು ಕಾಪಾಡಲು ತಪ್ಪಿದ ಕಂಪನಿ ನಷ್ಟ ಅನುಭವಿಸಿದವರಿಗೆ ಪರಿಹಾರ ಕೊಡಬೇಕು ಎನ್ನುತ್ತದೆ ಅದು. ಐದು ಕೋಟಿ ರೂಪಾಯಿವರೆಗಿನ ದಾವೆಯನ್ನು ಆಯಾ ರಾಜ್ಯದ ಐಟಿ ಕಾರ್ಯದರ್ಶಿಯ ಮುಂದೆ ಹೂಡಬಹುದು. ಹೊಸ ಕಾಯ್ದೆ ಈ ಸೆಕ್ಷನ್ನನ್ನೇ ತೆಗೆದುಹಾಕುತ್ತದೆ. ನಿಯಮ ಪ್ರಕಟವಾಗಿ ಹದಿನೆಂಟು ತಿಂಗಳಿಗೆ, ಎಂದರೆ 2027ರ ಮೇ ತಿಂಗಳಲ್ಲಿ, ಅದು ಇಲ್ಲವಾಗುತ್ತದೆ. ಇತ್ತ ದೂರು ‘ಕ್ಷುಲ್ಲಕ’ ಎನಿಸಿದರೆ ದೂರು ಕೊಟ್ಟವರ ಮೇಲೆಯೇ 10,000 ರೂಪಾಯಿವರೆಗೆ ದಂಡ ಹಾಕುವ ಕಲಂ ಹೊಸದಾಗಿ ಸೇರಿದೆ. ಜಾರಿಯ ಕ್ರಮವನ್ನೂ ನೋಡಿ. ಕಂಪನಿಗಳು ತಯಾರಾಗಲು ಹದಿನೆಂಟು ತಿಂಗಳ ಅವಕಾಶ. ಸರ್ಕಾರದಿಂದ ಮಾಹಿತಿ ಪಡೆಯುವ ಜನರ ಹಕ್ಕನ್ನು ಮೊಟಕು ಮಾಡುವ, ಮಾಹಿತಿ ಹಕ್ಕು ಕಾಯ್ದೆಯ ತಿದ್ದುಪಡಿ ಮಾತ್ರ ತಡವಿಲ್ಲದೆ ಜಾರಿ.

43ಎ ಇದ್ದಾಗ ಎಷ್ಟು ಜನಕ್ಕೆ ಪರಿಹಾರ ಸಿಕ್ಕಿತು ಎಂದು ವಕೀಲ ಗೆಳೆಯರು ಕೇಳುತ್ತಾರೆ. ಬಹಳ ಕಡಿಮೆ ಜನಕ್ಕೆ, ನಿಜ. ಅಂಥ ಒಂದು ದಾರಿಯಿದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ದಾರಿ ಇಕ್ಕಟ್ಟಾಗಿದ್ದರೆ ಅಗಲ ಮಾಡಬೇಕು, ಮುಚ್ಚುವುದು ಯಾವ ನ್ಯಾಯ? ಪರಿಹಾರದ ಹಕ್ಕು ಕೊಟ್ಟರೆ ಸಣ್ಣ ವ್ಯಾಪಾರಿ ಮುಳುಗುತ್ತಾನೆ ಎಂಬ ವಾದವೂ ಇದೆ. ಕೋಠಿಯ ಸಣ್ಣ ಅಂಗಡಿಯವನು ನಮ್ಮ ಸಂಖ್ಯೆ ಕೇಳುವುದೇ ಅಪರೂಪ. ಕೇಳುವವರು ಸರಣಿ ಮಳಿಗೆಗಳು, ಆಸ್ಪತ್ರೆಗಳು, ಆ್ಯಪ್‌ಗಳು. ಬೇಡದ ಮಾಹಿತಿಯನ್ನು ಸಂಗ್ರಹಿಸದಿದ್ದರೆ ಸೋರುವ ಭಯವೂ ಇಲ್ಲ, ಪರಿಹಾರ ಕೊಡುವ ಪ್ರಮೇಯವೂ ಇಲ್ಲ. ವಾರಂಟಿಗೆ, ಮನೆಗೆ ತಲುಪಿಸುವುದಕ್ಕೆ ಸಂಖ್ಯೆ ಬೇಕೆಂದರೆ ಯಾರೂ ತಕರಾರು ಮಾಡುವುದಿಲ್ಲ.

ಸಣ್ಣ ನಷ್ಟಕ್ಕೂ ಪರಿಹಾರ ಸಿಕ್ಕ ಉದಾಹರಣೆಯಿದೆ. 2023ರಲ್ಲಿ ಬೆಂಗಳೂರಿನ ಗ್ರಾಹಕ ಆಯೋಗ, ಕಾಗದದ ಚೀಲಕ್ಕೆ 20 ರೂಪಾಯಿ ಪಡೆದ ಐಕಿಯಾ ಮಳಿಗೆಗೆ ಆ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಿ, ಪರಿಹಾರ ಮತ್ತು ಖರ್ಚು ಸೇರಿ 3,000 ರೂಪಾಯಿ ಕೊಡುವಂತೆ ಆದೇಶಿಸಿತು. ಚೀಲಕ್ಕೆ ಸಿಗುವ ನ್ಯಾಯ ರಕ್ತಪರೀಕ್ಷೆಯ ವರದಿಗೆ ಏಕೆ ಸಿಗಬಾರದು?

ಸರ್ಕಾರದ ಕೈಯಿಂದ ಸೋರಿದರೆ ಏನು ಗತಿ ಎಂಬುದು ಪ್ರತ್ಯೇಕ ಲೇಖನದ ವಿಷಯ. 2024ರಲ್ಲಿ ತೆಲಂಗಾಣ ಪೊಲೀಸರದೇ ‘ಹಾಕ್ ಐ’ ಆ್ಯಪ್‌ನ ಮಾಹಿತಿ ಕಳುವಾಗಿತ್ತು, ದೂರು ಕೊಡಲು ಹೋದ ನಾಗರಿಕರ ವಿವರಗಳೇ ಅವು. ಹೊಸ ಕಾಯ್ದೆ ಸರ್ಕಾರದ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರಕ್ಕೇ ಬಿಟ್ಟಿದೆ ಎಂಬುದನ್ನು ಇಲ್ಲಿ ಹೇಳಿದರೆ ಸಾಕು.

ಕಾಯ್ದೆ ಬದಲಾಗಲಿ ಎಂದು ಕಾಯುತ್ತ ಕೂರಬೇಕಿಲ್ಲ. ಕೌಂಟರಿನಲ್ಲಿ ಸಂಖ್ಯೆ ಕೇಳಿದರೆ ಕೊಡುವುದಿಲ್ಲ ಎಂದು ಸಮಾಧಾನವಾಗಿ ಹೇಳಿ. ಬಿಲ್ ಮಾಡಲು ಒಪ್ಪದಿದ್ದರೆ ವ್ಯವಸ್ಥಾಪಕರನ್ನು ಕರೆಸಿ. ಅಲ್ಲೇ ನಿಂತು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ಬಿಟ್ಟುಕೊಡುವುದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ಅನುಚಿತ ವ್ಯಾಪಾರ ಪದ್ಧತಿ. ನೀವು ತೆತ್ತ ಹಣ ಐದು ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಸೋರಿಕೆಯಿಂದ ನಷ್ಟವಾದವರು ಕೈಯಲ್ಲಿ ದಾಖಲೆ ಇದ್ದರೆ 43ಎ ಅಡಿಯಲ್ಲಿ ಈಗಲೇ ದಾವೆ ಹೂಡಲಿ.

ಲೋಕಸಭೆಯಲ್ಲಿ ತೆಲಂಗಾಣದ 17 ಸದಸ್ಯರಿದ್ದಾರೆ, ಕರ್ನಾಟಕದ 28. ಮಾಹಿತಿ ಕಳೆದುಕೊಂಡವರಿಗೆ ಪರಿಹಾರ ಕೊಡುವ ಕಲಂ ಅನ್ನು ಹೊಸ ಕಾಯ್ದೆಗೆ ಸೇರಿಸುವ ತಿದ್ದುಪಡಿಯನ್ನು 2027ರ ಮೇ ತಿಂಗಳೊಳಗೆ ತರಬೇಕೆಂದು ಈ 45 ಮಂದಿಯೂ ಸದನದಲ್ಲಿ ಒತ್ತಾಯಿಸಲಿ. ನಿಮ್ಮ ಕ್ಷೇತ್ರದ ಸದಸ್ಯರಿಗೆ ಇಂದೇ ಒಂದು ಪತ್ರ ಬರೆಯಿರಿ.