ಗುಳಿಗೆಯೂ ಬೇಕು, ಗಂಗಾಳವೂ ಬೇಕು

ಸ್ಕಿಜೋಫ್ರೇನಿಯಾ ಕಾಯಿಲೆಯ ಆ ಯುವಕ ಔಷಧ ತೆಗೆದುಕೊಳ್ಳುತ್ತ ಸಾಕಷ್ಟು ಸುಧಾರಿಸಿದ್ದ. ಕಿವಿಯಲ್ಲಿ ಮಾತು ಕೇಳಿಸುವುದು ನಿಂತಿತ್ತು, ಹೊಲಕ್ಕೂ ಹೋಗತೊಡಗಿದ್ದ. ಎರಡು ತಿಂಗಳ ನಂತರ ತಾಯಿ ಅವನನ್ನು ಬಾದಾಮಿಯ ನನ್ನ ದವಾಖಾನೆಗೆ ಮತ್ತೆ ಕರೆತಂದಾಗ ಅವನಿಗೆ ನಿದ್ದೆಯಿಲ್ಲ, ಒಬ್ಬನೇ ಮಾತಾಡುತ್ತಿದ್ದ. ‘ಗುಳಿಗಿ ಉಷ್ಣ ಆಗತಾವಂತ ಬಿಡಿಸೇವ್ರಿ ಸಾಹೇಬ್ರ. ಪಥ್ಯಾ ಹಿಡಿಸೇವ್ರಿ, ಬರೇ ಹಾಲು-ಹಣ್ಣು ಕೊಡಾಕತ್ತೇವ್ರಿ’ ಎಂದರು ಆ ತಾಯಿ.

ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಊಟವನ್ನು ಔಷಧಿಯ ಜಾಗದಲ್ಲಿ ಕೂರಿಸಿದ್ದು ತಪ್ಪಾಯಿತು.

ಊಟಕ್ಕೂ ಮನಸ್ಸಿಗೂ ಸಂಬಂಧವಿಲ್ಲವೆಂದು ನಾನು ಹೇಳುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಖಿನ್ನತೆಯಿದ್ದ 67 ಜನರ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಕಾಳು, ತರಕಾರಿ, ಇಡೀ ಧಾನ್ಯ, ಮೀನು ಹೆಚ್ಚಿದ್ದ ಆಹಾರವನ್ನು 12 ವಾರ ಅನುಸರಿಸಿದವರಲ್ಲಿ ಸುಮಾರು ಮೂವರಲ್ಲೊಬ್ಬರು ಖಿನ್ನತೆಯಿಂದ ಹೊರಬಂದರು. ಆದರೆ ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೂ ಪಡೆಯುತ್ತಿದ್ದರು. ಸ್ಕಿಜೋಫ್ರೇನಿಯಾಕ್ಕೆ ಪಥ್ಯವೊಂದೇ ಸಾಕೆನ್ನಲು ಆಧಾರವಿಲ್ಲ.

ಹಾಗಾದರೆ ಊಟದ ಕೆಲಸವೇನು? ಓಲಾಂಜಪಿನ್, ಕ್ಲೋಜಪಿನ್‌ನಂಥ ಔಷಧಿಗಳು ಹಸಿವನ್ನು ಹೆಚ್ಚಿಸುತ್ತವೆ. ರೋಗಿ ದಪ್ಪಗಾದರೆ ‘ಮೈ ಹತ್ತಿತು’ ಎಂದು ಮನೆಮಂದಿ ಸಂತೋಷಪಡುತ್ತಾರೆ. ಅದರ ಹಿಂದೆಯೇ ಸಕ್ಕರೆ ಕಾಯಿಲೆ ಬರಬಹುದು. ತೀವ್ರ ಮಾನಸಿಕ ಕಾಯಿಲೆಯುಳ್ಳವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ. ಇದಕ್ಕೆ ಹೃದ್ರೋಗ, ಮಧುಮೇಹದಂಥ ಶರೀರದ ಕಾಯಿಲೆಗಳೇ ದೊಡ್ಡ ಕಾರಣ. ಆದ್ದರಿಂದ ತಿಂಗಳಿಗೊಮ್ಮೆ ತೂಕ ನೋಡಿ. ವೈದ್ಯರು ಹೇಳಿದಾಗ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಹಸಿವೆಂದಾಗಲೆಲ್ಲ ಸಿಹಿ ಚಹಾ, ಬಿಸ್ಕತ್ತು, ಮಿರ್ಚಿ ಭಜಿ ಕೊಡಬೇಡಿ.

ಲಿಥಿಯಂ ತೆಗೆದುಕೊಳ್ಳುವವರದು ಬೇರೆಯೇ ಎಚ್ಚರ. ಶ್ರಾವಣದ ಉಪವಾಸದಲ್ಲಿ ನೀರು ಬಿಟ್ಟರೆ, ಇಲ್ಲವೆ ಒಮ್ಮೆಲೇ ಉಪ್ಪು ಬಿಟ್ಟರೆ ರಕ್ತದಲ್ಲಿ ಈ ಔಷಧಿಯ ಪ್ರಮಾಣ ಅಪಾಯಕ್ಕೇರಬಹುದು. ಕೈ ಹೆಚ್ಚಾಗಿ ನಡುಗುವುದು, ವಾಂತಿ, ಭೇದಿ, ತೂರಾಡುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ದುಬಾರಿ ಪುಡಿ, ಟಾನಿಕ್ಕುಗಳು ಬೇಕಿಲ್ಲ. ಬನಶಂಕರಿ ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಿಂದ ತೆಗೆದು ಬಡಿಸುವ ಜೋಳದ ರೊಟ್ಟಿ, ಕಾಳಿನ ಪಲ್ಯ, ಚಟ್ನಿ, ಮೊಸರು ಒಳ್ಳೆಯ ಊಟವೇ. ಜೊತೆಗೆ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ ಇರಲಿ. ಮೊಟ್ಟೆ, ಮೀನು, ಮಾಂಸ ತಿನ್ನದವರಲ್ಲಿ ಬಿ-12 ಜೀವಸತ್ವದ ಕೊರತೆ ಆಗಬಹುದು; ಅದರಿಂದಲೂ ಮರೆವು, ಗೊಂದಲ ಉಂಟಾಗುವುದುಂಟು. ರಕ್ತಪರೀಕ್ಷೆಯಿಂದ ಇದನ್ನು ಪತ್ತೆಹಚ್ಚಬಹುದು.

ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ಈ ರೋಗಿಯ ಗಂಗಾಳವೇ ಬೇರೆ, ಕೂರುವ ಮೂಲೆಯೇ ಬೇರೆ. ಇದು ಅಂಟುರೋಗವಲ್ಲ. ಅವರನ್ನು ಎಲ್ಲರ ಜೊತೆ ಪಂಕ್ತಿಯಲ್ಲಿ ಕೂರಿಸಿಕೊಳ್ಳಿ. ಹೊತ್ತಿಗೆ ಸರಿಯಾಗಿ ಊಟವಾದರೆ ಗುಳಿಗೆಯ ಹೊತ್ತೂ ತಪ್ಪುವುದಿಲ್ಲ. ಇವತ್ತು ಉಂಡರೋ ಬಿಟ್ಟರೋ, ನಿದ್ದೆ ಬಂತೋ ಇಲ್ಲವೋ ಎಂಬುದೂ ಮನೆಯವರ ಗಮನಕ್ಕೆ ಬರುತ್ತದೆ. ಕಾಯಿಲೆ ಮರುಕಳಿಸುವ ಮೊದಲ ಸುಳಿವು ಸಿಗುವುದು ಹೆಚ್ಚಾಗಿ ಅಲ್ಲಿಯೇ.

ಗುಳಿಗೆಯಿಂದ ತೊಂದರೆಯಾದರೆ ನೀವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿ. ಪ್ರಮಾಣ ಬದಲಿಸಬಹುದು, ಬೇರೆ ಔಷಧ ಕೊಡಬಹುದು. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಸಲಹೆಗಾಗಿ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ಆ ಯುವಕ ಗುಳಿಗೆಗಳನ್ನು ಮತ್ತೆ ಶುರು ಮಾಡಿದ್ದಾನೆ. ತಾಯಿ ಈಗ ಅವನಿಗೆ ಮನೆಮಂದಿಯ ಜೊತೆಗೇ ರೊಟ್ಟಿ ಬಡಿಸುತ್ತಾರೆ.