ಮೋಲ್ಡ್ ಬಿಚ್ಚೋ ದಿನ ಗೊತ್ತು ಮಾಡೋರು ಯಾರು ಸ್ವಾಮಿ?

ಮೋಲ್ಡ್ ಹಾಕುವ ದಿನ ತುಮಕೂರಿನಲ್ಲಿ ಒಂದು ಹಬ್ಬ. ನಿಂಬೆಹಣ್ಣು, ಬೂದುಗುಂಬಳ, ಕೆಲಸದವರಿಗೆ ಊಟ, ಮೇಸ್ತ್ರಿಗೆ ಪಂಚೆ-ಶಲ್ಯ. ಪಂಚಾಂಗ ನೋಡಿ, ರಾಹುಕಾಲ ಕಳೆದ ಮೇಲೇ ಮಿಲ್ಲರ್ ತಿರುಗುತ್ತದೆ. ಮಾಡಲಿ, ತಪ್ಪೇನಿಲ್ಲ. ಆದರೆ ಅದೇ ಮೋಲ್ಡಿನ ಕೆಳಗಿರುವ ಸೆಂಟ್ರಿಂಗ್ ಬಿಚ್ಚುವ ದಿನಕ್ಕೆ ಯಾರೂ ಪಂಚಾಂಗ ನೋಡುವುದಿಲ್ಲ. ಎಂಜಿನಿಯರನ್ನಂತೂ ಕೇಳುವುದೇ ಇಲ್ಲ. ಸೆಂಟ್ರಿಂಗ್ ಕಂಟ್ರಾಕ್ಟರಿಗೆ ಇನ್ನೊಂದು ಸೈಟಿನಿಂದ ಯಾವತ್ತು ಫೋನ್ ಬರುತ್ತದೋ ಅವತ್ತೇ ಶುಭದಿನ!

ಕಂಟ್ರಾಕ್ಟರನ್ನು ಒಬ್ಬನನ್ನೇ ಬೈದು ಪ್ರಯೋಜನವಿಲ್ಲ. ಅವನ ಬಂಡವಾಳವೇ ಆ ಕಬ್ಬಿಣದ ಶೀಟು, ಜಾಕಿ, ಸರ್ವೆ ಗಳ. ಇರುವುದು ಒಂದು ಸೆಟ್ಟು, ಕಾಯುತ್ತಿರುವುದು ಮೂರು ಸೈಟು. ಒಂದು ಕಡೆ ಹೆಚ್ಚು ದಿನ ನಿಂತರೆ ಇನ್ನೊಂದು ಕಡೆ ಕೆಲಸ ಕೈತಪ್ಪುತ್ತದೆ. ಮನೆ ಕಟ್ಟಿಸುವವನಿಗೋ ಬಾಡಿಗೆಯ ಮೀಟರ್ ಓಡುತ್ತಿರುವ ಹೊಟ್ಟೆಯುರಿ. ಹೀಗೆ ಇಬ್ಬರ ಆತುರವೂ ಸೇರಿ, ಆಗತಾನೇ ಗಟ್ಟಿಯಾಗುತ್ತಿರುವ ಕಾಂಕ್ರೀಟಿನ ಆಯಸ್ಸನ್ನು ತೀರ್ಮಾನ ಮಾಡುತ್ತಿದೆ.

ಸೆಂಟ್ರಿಂಗ್ ಅಂದರೆ ಜನಕ್ಕೆ ಸದರ. ಆಮೇಲೆ ಬಿಚ್ಚಿ ಎಸೆಯುವ ವಸ್ತು ತಾನೇ ಅಂತ. ಆದರೆ ಲೆಕ್ಕ ಹಾಕಿ ನೋಡಿ. ಐದಿಂಚು ದಪ್ಪದ ಮೋಲ್ಡು ಒಂದು ಚದರಕ್ಕೆ ಹತ್ತಿರ ಹತ್ತಿರ ಮೂರು ಟನ್ ತೂಗುತ್ತದೆ. ಸಿಮೆಂಟ್ ಅಂಗಡಿಯವರ ಭಾಷೆಯಲ್ಲಿ 60 ಮೂಟೆ. ಹತ್ತು ಚದರದ ಮೋಲ್ಡು ಅಂದರೆ ಖಾಲಿ ಬಸ್ಸು ಮೂರನ್ನು ತಲೆಯ ಮೇಲೆ ನಿಲ್ಲಿಸಿದ ಹಾಗೆ. ಅದರ ಮೇಲೆ ಓಡಾಡುವ ಜನ, ವೈಬ್ರೇಟರು, ಒಂದೇ ಕಡೆ ಸುರಿದ ಕಾಂಕ್ರೀಟಿನ ಗುಡ್ಡೆ ಬೇರೆ. ಹಾಕಿದ ದಿನ ಕಾಂಕ್ರೀಟಿಗೆ ತನ್ನ ಸ್ವಂತದ ಶಕ್ತಿ ಅಂತ ಒಂದು ಗುಲಗಂಜಿಯೂ ಇರುವುದಿಲ್ಲ. ಅಷ್ಟೂ ಭಾರವನ್ನು ಹೊತ್ತಿರುವುದು ಆ ಗಳ, ಆ ಜಾಕಿ, ಅದರ ಬುಡಕ್ಕೆ ಕೊಟ್ಟ ಇಟ್ಟಿಗೆ ಚೂರು, ಬೆಣೆ.

ಕಂಬದ ಪೆಟ್ಟಿಗೆಯದು ಇನ್ನೊಂದು ಕಥೆ. ಅಲ್ಲಿ ಹಸಿ ಕಾಂಕ್ರೀಟು ನೀರಿನ ಹಾಗೆ ಪಕ್ಕಕ್ಕೆ ಒತ್ತುತ್ತದೆ. ಹತ್ತಡಿ ಕಂಬವನ್ನು ಒಂದೇ ಸಲಕ್ಕೆ ಬೇಗ ತುಂಬಿದರೆ ಬುಡದಲ್ಲಿ ಒಂದೊಂದು ಚದರ ಅಡಿಗೂ ಸುಮಾರು ಏಳು ಕ್ವಿಂಟಾಲ್ ಒತ್ತಡ. ಪೆಟ್ಟಿಗೆಗೆ ಎರಡು ತಂತಿ ಸುತ್ತಿ, ನಾಲ್ಕು ಮೊಳೆ ಹೊಡೆದು ಬಿಟ್ಟರೆ ಅದು ಹೊಟ್ಟೆ ಬಿಡದೆ ಇನ್ನೇನು ಮಾಡೀತು?

ಬಿಚ್ಚುವುದಕ್ಕೆ ದಿನಗಳ ಲೆಕ್ಕ ಇಲ್ಲದಿಲ್ಲ. 2000ನೇ ಇಸವಿಯಲ್ಲಿ ಪರಿಷ್ಕರಿಸಿದ ಐ.ಎಸ್. 456 ಎಂಬ ಭಾರತೀಯ ಮಾನಕ ಅದನ್ನು ಬಿಡಿಬಿಡಿಯಾಗಿ ಬರೆದಿಟ್ಟಿದೆ. ಕಂಬದ ಪಕ್ಕದ ಹಲಗೆಯನ್ನು 16ರಿಂದ 24 ಗಂಟೆ ಕಳೆದ ಮೇಲೆ ತೆಗೆಯಬಹುದು. ಮೋಲ್ಡಿನ ತಳದ ಶೀಟನ್ನು 3 ದಿನಕ್ಕೆ ತೆಗೆಯಬಹುದು, ಆದರೆ ಆಸರೆಯ ಗಳಗಳನ್ನು ಕೂಡಲೇ ವಾಪಸ್ ಕೊಡಬೇಕು. ಆಸರೆಯನ್ನೇ ಪೂರ್ತಿ ತೆಗೆಯಬೇಕಾದರೆ ಹದಿನೈದು ಅಡಿಯೊಳಗಿನ ಹರವಿಗೆ 7 ದಿನ, ಅದಕ್ಕೆ ಮೀರಿದ್ದಕ್ಕೆ 14 ದಿನ. ತೊಲೆಗಳಿಗಾದರೆ ಇಪ್ಪತ್ತಡಿಯವರೆಗೆ 14, ಅದಕ್ಕೂ ಉದ್ದವಿದ್ದರೆ 21.

ಈ ಲೆಕ್ಕದ ಮೊದಲ ತುದಿ ಎಲ್ಲ ಮೇಸ್ತ್ರಿಗಳಿಗೂ ಗೊತ್ತು. “ಮೂರು ದಿನಕ್ಕೆ ತೆಗೀಬೋದು ಸಾರ್, ಬುಕ್ಕಲ್ಲೇ ಐತೆ” ಅನ್ನುತ್ತಾರೆ. ವಾಪಸ್ ಆಸರೆ ಕೊಡಬೇಕು ಅನ್ನುವ ಎರಡನೇ ತುದಿ ಯಾರ ಕಿವಿಗೂ ಬಿದ್ದಿಲ್ಲ!

ಇನ್ನೂ ಒಂದು ಮಾತಿದೆ. ಇದನ್ನು ಸಿಮೆಂಟ್ ಮಾರುವ ಅಂಗಡಿಯವರು ಗಮನವಿಟ್ಟು ಓದಬೇಕು. ಈ ದಿನಗಳೆಲ್ಲ ಬರೀ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅಂದರೆ ಓಪಿಸಿಗೆ, ಹೇಳಿದ್ದು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಪಿಪಿಸಿ, ಹಾರುಬೂದಿ ಬೆರೆಸಿದ್ದು. ಮೂಟೆಯ ಮೇಲೆಯೇ ಅಚ್ಚಾಗಿರುತ್ತದೆ. ಸಿಮೆಂಟ್ ಕೆಟ್ಟದ್ದೇನಲ್ಲ, ಮುಂದೆ ಒಳ್ಳೆಯ ಗಟ್ಟಿಯಾಗುತ್ತದೆ. ಆದರೆ ಮೊದಲ ವಾರ ಅದರ ನಡಿಗೆ ನಿಧಾನ. ಅದಕ್ಕೆ ಹೆಚ್ಚು ದಿನ ಬಿಡಬೇಕು. ಹವೆ 15 ಡಿಗ್ರಿಗಿಂತ ಕೆಳಗಿಳಿಯಬಾರದು, ನೀರು ಸರಿಯಾಗಿ ಕಟ್ಟಿರಬೇಕು ಅನ್ನುವ ಷರತ್ತುಗಳೂ ಇವೆ. ಧನುರ್ಮಾಸದ ಚಳಿಯಲ್ಲಿ, ಟ್ಯಾಂಕರ್ ನೀರಿಗೆ ಕಾಸು ಲೆಕ್ಕ ಹಾಕುತ್ತಾ, ಪಿಪಿಸಿ ಮೋಲ್ಡಿನ ಆಸರೆಯನ್ನು ಏಳನೇ ದಿನಕ್ಕೆ ಕಿತ್ತರೆ ಅದು ಯಾವ ಬುಕ್ಕಿನಲ್ಲೂ ಇಲ್ಲದ ಲೆಕ್ಕ. ಮೂಟೆ ಮಾರುವಾಗ ಗಿರಾಕಿಗೆ ಇದೊಂದು ಮಾತು ಹೇಳಿದರೆ ಅಂಗಡಿಗೇನೂ ನಷ್ಟವಿಲ್ಲ.

ಬಾಗಿಲು ತೆರೆದ ಅಂಗಡಿ, ಮೇಲೆ ಹಸಿ ಮೋಲ್ಡು

ನಿಜವಾದ ತಲೆನೋವು ಪೇಟೆ ಬೀದಿಗಳಲ್ಲಿದೆ. ಕೆಳಗೆ ಅಂಗಡಿ, ಮೇಲೆ ಒಂದಾದ ಮೇಲೊಂದು ಅಂತಸ್ತು. ದೀಪಾವಳಿ ವ್ಯಾಪಾರ ಬಂತು ಅಂತ ಅಂಗಡಿಯವನು “ಗಳ ತೆಗೀರಪ್ಪ, ಕೌಂಟರ್ ಹಾಕಬೇಕು” ಅನ್ನುತ್ತಾನೆ. ಗಳ ಹೋಗುತ್ತದೆ, ಕೌಂಟರ್ ಬರುತ್ತದೆ. ಮೇಲೆ ಎರಡನೇ ಅಂತಸ್ತಿನ ಮೋಲ್ಡಿಗೆ ಸೆಂಟ್ರಿಂಗ್ ಕಟ್ಟುತ್ತಿರುತ್ತಾರೆ. ಆ ಸೆಂಟ್ರಿಂಗಿನ ಕಾಲು ಊರಿರುವುದು ಎಲ್ಲಿ? ಮೊನ್ನೆ ಮೊನ್ನೆ ಹಾಕಿದ ಮೊದಲ ಮೋಲ್ಡಿನ ಮೇಲೆ! ಅದು ತನ್ನ ಭಾರವನ್ನು ಹೊರುವುದನ್ನೇ ಈಗ ಕಲಿಯುತ್ತಿದೆ. ಅದರ ಹೆಗಲ ಮೇಲೆ ಇನ್ನೊಂದು ಮೋಲ್ಡು. ಅದಕ್ಕೇ ಕೆಳ ಅಂತಸ್ತಿನ ಆಸರೆಯನ್ನು ಮೇಲಿನ ಕೆಲಸ ಗಟ್ಟಿಯಾಗುವವರೆಗೂ ಉಳಿಸಬೇಕು ಅನ್ನುವುದು.

ಇದು ಬರೀ ಬಾಯಿಮಾತಿನ ಹೆದರಿಕೆಯಲ್ಲ. ಅಮೆರಿಕದ ರಾಜಧಾನಿ ವಾಷಿಂಗ್ಟನ್ ಪಕ್ಕದ ಬೈಲೀಸ್ ಕ್ರಾಸ್‌ರೋಡ್ಸ್‌ನಲ್ಲಿ 1973ರ ಮಾರ್ಚ್ 2ರಂದು ಹೀಗೇ ಆಯಿತು. ಸ್ಕೈಲೈನ್ ಪ್ಲಾಜಾ ಎಂಬ ಗಗನಚುಂಬಿ ಕಟ್ಟುತ್ತಿದ್ದರು. ಮೇಲೆ 24ನೇ ಅಂತಸ್ತಿಗೆ ಕಾಂಕ್ರೀಟ್ ಹಾಕುತ್ತಿರುವಾಗ, 23ನೇ ಅಂತಸ್ತಿನ ನೆಲದ ಕೆಳಗಿನ ಆಸರೆಯನ್ನು ಅವಧಿಗೆ ಮುಂಚೆ ತೆಗೆದಿದ್ದರು. ಕಂಬಗಳು ಆ ಎಳೆಯ ಕಾಂಕ್ರೀಟನ್ನು ತೂತು ಮಾಡಿಕೊಂಡು ಮೇಲೆದ್ದವು. ಆ ನೆಲ ಕೆಳಗಿನದರ ಮೇಲೆ, ಅದು ಇನ್ನೂ ಕೆಳಗಿನದರ ಮೇಲೆ ಬೀಳುತ್ತಾ ನೆಲಮಟ್ಟದವರೆಗೂ ಕುಸಿಯಿತು. 14 ಕಾರ್ಮಿಕರು ಸತ್ತರು. ದುಡ್ಡಿಗೂ ಎಂಜಿನಿಯರಿಗೂ ಬರವಿಲ್ಲದ ದೇಶ ಅದು.

ಐದು ವರ್ಷ ಕಳೆದು ಅದೇ ದೇಶದ ವೆಸ್ಟ್ ವರ್ಜೀನಿಯಾದ ವಿಲ್ಲೋ ಐಲೆಂಡ್‌ನಲ್ಲಿ ಇದಕ್ಕಿಂತ ಘೋರವಾದದ್ದು. ವಿದ್ಯುತ್ ಸ್ಥಾವರದ ತಂಪುಗೋಪುರ ಕಟ್ಟುತ್ತಿದ್ದರು. ಅಲ್ಲಿ ನೆಲದಿಂದ ಗಳ ಕೊಡುವ ಪದ್ಧತಿಯೇ ಇಲ್ಲ. ಅಚ್ಚು, ಅಟ್ಟಣೆ, ಜನ ಎಲ್ಲವೂ ಹಿಂದೆ ಹಾಕಿದ ಕಾಂಕ್ರೀಟ್ ಗೋಡೆಗೇ ನೇತುಬಿದ್ದು, ಒಂದೊಂದು ವರಸೆ ಮುಗಿದಂತೆ ಮೇಲಕ್ಕೆ ಹತ್ತುತ್ತಿದ್ದವು. 1978ರ ಏಪ್ರಿಲ್ 27ರ ಬೆಳಿಗ್ಗೆ, ಹಿಂದಿನ ದಿನವಷ್ಟೇ ಹಾಕಿದ್ದ ಕಾಂಕ್ರೀಟು ಆ ಭಾರ ತಡೆಯಲಾರದೆ ಕಿತ್ತುಬಂತು. ಅಟ್ಟಣೆಯ ಮೇಲಿದ್ದ 51 ಜನರೂ ಸತ್ತರು. ರಾತ್ರಿಯ ಚಳಿಗೆ ಕಾಂಕ್ರೀಟ್ ಬಲಿತಿರಲಿಲ್ಲ. ಬಲಿತಿದೆಯೇ ಅಂತ ಪರೀಕ್ಷೆ ಮಾಡಿ ನೋಡಿಯೂ ಇರಲಿಲ್ಲ. ಸರ್ಕಾರಿ ತನಿಖೆಯಲ್ಲಿ ಹೊರಬಿದ್ದ ಸತ್ಯ ಇಷ್ಟೇ.

ಬೆಳಿಗ್ಗೆ ಬಸ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು ನೆಲಮಂಗಲ ದಾಟಿದ ಮೇಲೆ ಕಿಟಕಿಯಾಚೆ ನೋಡಿರಬಹುದು. ಇಪ್ಪತ್ತು-ಮೂವತ್ತು ಅಂತಸ್ತಿನ ಅಪಾರ್ಟ್‌ಮೆಂಟುಗಳು ವಾರಕ್ಕೊಂದು ಮಹಡಿಯಂತೆ ಏಳುತ್ತವೆ. ಇಟ್ಟಿಗೆ ಕಾಣುವುದಿಲ್ಲ, ಸರ್ವೆ ಗಳ ಕಾಣುವುದಿಲ್ಲ. ಅದು ಅಲ್ಯೂಮಿನಿಯಂ ಅಚ್ಚು. ಕೆಲಸದವರ ಬಾಯಲ್ಲಿ ‘ಮೈವಾನ್’. ಮೈವಾನ್ ಅನ್ನುವುದು ಒಂದು ಕಂಪನಿಯ ಹೆಸರು. ಈಗ ಯಾರ ಅಚ್ಚಾದರೂ ಹೆಸರು ಅದೇ, ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ. ಒಬ್ಬನೇ ಆಳು ಎತ್ತಿ ಮೇಲಿನ ಮಹಡಿಗೆ ದಾಟಿಸಬಹುದಾದ ಹಗುರ ಹಲಗೆಗಳು. ಗೋಡೆ, ಛಾವಣಿ ಎರಡಕ್ಕೂ ಒಟ್ಟಿಗೇ ಕಾಂಕ್ರೀಟ್. ಒಂದು ಸೆಟ್ಟು ನೂರಾರು ಸಲ ಬಳಕೆಗೆ ಬರುತ್ತದೆ.

ಅದರಲ್ಲಿ ಮೆಚ್ಚಬೇಕಾದ ಸಂಗತಿ ವೇಗವಲ್ಲ. ಆಸರೆಯ ತಲೆಯನ್ನು ಅಲ್ಲಾಡಿಸದೆ ಅಕ್ಕಪಕ್ಕದ ಹಲಗೆ ಮಾತ್ರ ಬಿಚ್ಚಿಕೊಳ್ಳುವ ಹಾಗೆ ಅದನ್ನು ಮಾಡಿದ್ದಾರೆ. ಹಲಗೆ ಮೇಲಿನ ಮಹಡಿಗೆ ಹೋಗುತ್ತದೆ, ಜಾಕಿ ನಿಂತಲ್ಲೇ ನಿಂತಿರುತ್ತದೆ. ಈ ಊರಿನ ಪದ್ಧತಿಯಲ್ಲಿ ಶೀಟು ಬೇಕಾದರೆ ಗಳ ಕೆಡವಲೇಬೇಕು. ಕೆಡವಿದ ಕ್ಷಣವೇ ಮೋಲ್ಡು ಕೂದಲೆಳೆಯಷ್ಟು ಬಾಗಿರುತ್ತದೆ. ಆಮೇಲೆ ನಾಲ್ಕು ಗಳ ತಂದು ತುರುಕಿದರೆ ಅದು ಕಣ್ಣೊರೆಸುವ ಆಸರೆ.

ಹಾಗಂತ ದೊಡ್ಡ ಅಚ್ಚು, ದೊಡ್ಡ ಕ್ರೇನ್ ಬಂದರೆ ಎಲ್ಲ ಸರಿಹೋಯಿತು ಅನ್ನುವವರ ಬಾಯಿ ಮುಚ್ಚಿಸಲು ಬೆಂಗಳೂರಿನ ಮೆಟ್ರೋ ಸಾಲದೇ? 2023ರ ಜನವರಿ 10ರಂದು ನಾಗವಾರದ ಹತ್ತಿರ ಹೊರವರ್ತುಲ ರಸ್ತೆಯಲ್ಲಿ ಮೆಟ್ರೋ ಕಂಬಕ್ಕೆಂದು ನಿಲ್ಲಿಸಿದ್ದ ಕಂಬಿಯ ಪಂಜರ ರಸ್ತೆಗೆ ಉರುಳಿತು. ಇನ್ನೂ ಕಾಂಕ್ರೀಟ್ ತುಂಬಿರದ, ತಾತ್ಕಾಲಿಕ ಆಸರೆಯನ್ನೇ ನಂಬಿ ನಿಂತಿದ್ದ ಪಂಜರ ಅದು. ಸ್ಕೂಟರಿನಲ್ಲಿ ಹೋಗುತ್ತಿದ್ದ ತಾಯಿಯೂ ಪುಟ್ಟ ಮಗನೂ ಸತ್ತರು. ಕಟ್ಟಡಕ್ಕೂ ಅವರಿಗೂ ಏನು ಸಂಬಂಧ? ರಸ್ತೆಯಲ್ಲಿ ಹೋಗುತ್ತಿದ್ದರು, ಅಷ್ಟೇ. ಬಸ್ ಸ್ಟಾಪಿನಲ್ಲಿ ಕಾಯುವವರೂ, ಫುಟ್‌ಪಾತಿನಲ್ಲಿ ಹೂವು ಮಾರುವವರೂ ಅಷ್ಟೇ ನಿರಪರಾಧಿಗಳು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದ ಕಟ್ಟಡದ ಕಥೆ ಬೇರೆ. ಅದನ್ನು ಸೆಂಟ್ರಿಂಗ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಒಂದು ವಿಷಯ ಅಲ್ಲೂ ಇತ್ತು. ಮೇಲೆ ಕೆಲಸ ನಡೆಯುತ್ತಿರುವಾಗಲೇ ಕೆಳಗೆ ಅಂಗಡಿಗಳ ಬಾಗಿಲು ತೆರೆದಿತ್ತು. ಸತ್ತವರು 19 ಜನ.

“ಮೂವತ್ತು ವರ್ಷದಿಂದ ಹಿಂಗೇ ಬಿಚ್ತಾ ಇದೀವಿ, ಒಂದೂ ಬಿದ್ದಿಲ್ಲ” ಅನ್ನುವ ಮೇಸ್ತ್ರಿಯ ಮಾತೂ ಸುಳ್ಳಲ್ಲ. ಬಹಳಷ್ಟು ಮೋಲ್ಡುಗಳು ಬೀಳುವುದಿಲ್ಲ. ಲೆಕ್ಕ ಹಾಕುವಾಗಲೇ ಒಂದಿಷ್ಟು ಹೆಚ್ಚುವರಿ ಬಲ ಇಟ್ಟಿರುತ್ತಾರೆ, ಅದು ಕಾಯುತ್ತದೆ. ಆದರೆ ಬೀಳದಿದ್ದ ಮಾತ್ರಕ್ಕೆ ಮೋಲ್ಡಿಗೆ ಏನೂ ಆಗಿಲ್ಲ ಅಂತಲ್ಲ. ಎಳೆಯದರಲ್ಲಿ ಬಾಗಿದ್ದು ಹಾಗೇ ಉಳಿಯುತ್ತದೆ. ಮಧ್ಯ ತಗ್ಗಾಗಿ ನೀರು ನಿಲ್ಲುತ್ತದೆ, ಬಿರುಕು ಬಿಡುತ್ತದೆ, ಮೂರನೇ ಮಳೆಗಾಲಕ್ಕೆ ಸೋರುತ್ತದೆ. ಆವಾಗ ಮನೆಯವರು ಬೈಯುವುದು ಸಿಮೆಂಟ್ ಕಂಪನಿಯನ್ನು!

ಇನ್ನು ಬಿಚ್ಚುವ ಹುಡುಗರ ಗತಿ ನೋಡಿ. ತಲೆಗೆ ಹೆಲ್ಮೆಟ್ಟಿಲ್ಲ, ಕಾಲಿಗೆ ಹವಾಯಿ ಚಪ್ಪಲಿ. ಮೋಲ್ಡಿನ ಸರಿಯಾಗಿ ಕೆಳಗೇ ನಿಂತು ಸುತ್ತಿಗೆಯಿಂದ ಬೆಣೆ ಹೊಡೆಯುತ್ತಾರೆ. ಎಲ್ಲಿಂದ ಶುರು ಮಾಡಬೇಕು ಅಂತ ಹೇಳಿಕೊಟ್ಟವರು ಯಾರು? ಎರಡು ಕಡೆ ಗೋಡೆ ಇರುವ ಮೋಲ್ಡಾದರೆ ನಡುವಿನಿಂದ ಗೋಡೆಯ ಕಡೆಗೆ ಬಿಚ್ಚುತ್ತಾ ಬರಬೇಕು. ಸಜ್ಜಾ, ಬಾಲ್ಕನಿಯಾದರೆ ಚಾಚಿದ ತುದಿಯಿಂದ ಗೋಡೆಯ ಕಡೆಗೆ. ತುದಿಯ ಗಳ ಉಳಿಸಿ ಒಳಗಿನದನ್ನು ಮೊದಲು ಕಿತ್ತರೆ, ಕಂಬಿ ಮೇಲ್ಗಡೆ ಇರುವ ಬಾಲ್ಕನಿಗೆ ಎಂದೂ ಎಣಿಸಿರದ ಕಡೆ ಎಳೆತ ಬೀಳುತ್ತದೆ. ಬೀದಿ ಬೀದಿಯಲ್ಲಿ ಚರಂಡಿಯ ಮೇಲಕ್ಕೆ ಮೂರಡಿ, ನಾಲ್ಕಡಿ ಚಾಚಿಕೊಂಡಿರುವ ಬಾಲ್ಕನಿಗಳನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅದರ ಕೆಳಗೇ ಸ್ಕೂಟರ್ ನಿಲ್ಲಿಸುತ್ತಾರೆ.

ಕಾನೂನು ಇರಲಿಲ್ಲ ಅನ್ನುವ ಹಾಗೂ ಇಲ್ಲ. 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯ್ದೆ ಬಂತು. ಅದರ ಕೆಳಗೆ 1998ರಲ್ಲಿ ಮಾಡಿದ ಕೇಂದ್ರದ ನಿಯಮಗಳಲ್ಲಿ ಸೆಂಟ್ರಿಂಗ್ ಬಿಚ್ಚುವುದಕ್ಕೆ, ಮತ್ತೆ ಆಸರೆ ಕೊಡುವುದಕ್ಕೆ ಅಂತಲೇ ಪ್ರತ್ಯೇಕ ಮಾತುಗಳಿದ್ದವು. ಪುಸ್ತಕದಲ್ಲಿದ್ದದ್ದು ಪೇಟೆ ಬೀದಿಗೆ ಇಳಿಯಲಿಲ್ಲ. ಮೂರಂತಸ್ತಿನ ಸಣ್ಣ ಕಟ್ಟಡಕ್ಕೆ ನಕ್ಷೆಯ ಮೇಲೆ ಸಹಿ ಹಾಕಿದ ಎಂಜಿನಿಯರು ಆ ಸಹಿಯ ನಂತರ ಸೈಟಿನ ಕಡೆ ತಲೆಹಾಕುವುದು ಅಪರೂಪ. ಕರೆದರೆ ಫೀಸು ಕೊಡಬೇಕು ಅಂತ ಮನೆಯವರೂ ಕರೆಯುವುದಿಲ್ಲ.

ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. ಪರವಾನಗಿ ಕೊಡುವಾಗಲೇ ನಗರ ಸಂಸ್ಥೆ ಒಂದು ಷರತ್ತು ಹಾಕಲಿ. ಕೆಲಸ ನಡೆಯುವ ಕಟ್ಟಡದ ಮುಂದೆ, ರಸ್ತೆಗೆ ಕಾಣುವ ಹಾಗೆ ಒಂದು ಹಲಗೆ: ಮೋಲ್ಡ್ ಹಾಕಿದ ತಾರೀಖು, ಸಿಮೆಂಟ್ ಯಾವುದು, ಆಸರೆ ತೆಗೆಯುವ ತಾರೀಖು, ಅದನ್ನು ಒಪ್ಪಿದ ಎಂಜಿನಿಯರ್ ಹೆಸರು. ನಾಲ್ಕೇ ಸಾಲು. ಸುಣ್ಣದಲ್ಲಿ ಬರೆದರೂ ಸಾಕು. ಇನ್ಸ್‌ಪೆಕ್ಟರು ಬರದಿದ್ದರೆ ಬೇಡ. ಎದುರಿನ ಅಂಗಡಿಯವನು ಓದುತ್ತಾನೆ, ಬಸ್ಸಿಗೆ ಕಾಯುವವನು ಓದುತ್ತಾನೆ. ತಾರೀಖಿಗೆ ಮುಂಚೆ ಗಳ ಇಳಿದರೆ ಕೇಳುವ ಬಾಯಿ ಹತ್ತಾಗುತ್ತದೆ. ಮೇಲೆ ಮೋಲ್ಡ್ ಕೆಲಸ ಇರುವಷ್ಟು ದಿನ ಕೆಳಗಿನ ಅಂಗಡಿ ಮುಚ್ಚಿರಬೇಕು ಅನ್ನುವುದು ಇನ್ನೊಂದು ಷರತ್ತು. ಇದಕ್ಕೆ ಕೂಗಾಟ ಏಳುತ್ತದೆ, ಏಳಲಿ. ಎರಡು ವಾರದ ವ್ಯಾಪಾರ ಹೋಗುತ್ತದೆ ನಿಜ, ಬಾಡಿಗೆ ಬೇರೆ ಕಟ್ಟಬೇಕು. ಆ ಎರಡು ವಾರದ ಬಾಡಿಗೆಯನ್ನು ಕಟ್ಟಡದ ಮಾಲೀಕನೇ ಬಿಟ್ಟುಕೊಡಬೇಕು ಅಂತ ಕರಾರಿನಲ್ಲೇ ಬರೆಸಿಕೊಳ್ಳುವುದು ವ್ಯಾಪಾರಿಗಳ ಸಂಘಕ್ಕೆ ಆಗದ ಕೆಲಸವೇ?

ಸೆಂಟ್ರಿಂಗ್ ಕಂಟ್ರಾಕ್ಟರ್ ಜೊತೆ ಮಾತಾಡುವಾಗಲೂ ಅಷ್ಟೆ. ಚದರಕ್ಕೆ ಎಷ್ಟು ಅಂತ ಕೇಳಿ ಸುಮ್ಮನಾಗದೆ, ಎಷ್ಟು ದಿನ ನಿಲ್ಲಿಸುತ್ತೀಯ ಅಂತಲೂ ಕೇಳಿ, ಅದಕ್ಕೆ ತಕ್ಕ ಹಣ ಒಪ್ಪಿಕೊಳ್ಳಬೇಕು. ಈ ಸಲ ಮೋಲ್ಡ್ ಹಾಕಿಸುವವರು ಅಡ್ವಾನ್ಸ್ ಕೈಗಿಡುವ ಮುಂಚೆ, ಚೀಟಿಯ ಮೇಲೆ ಆ ದಿನಗಳ ಸಂಖ್ಯೆಯನ್ನೂ ಬರೆಸಿಕೊಳ್ಳಲಿ.