ನಾಡಗೌಡ: ಹುದ್ದೆ ಹೋಯಿತು, ಹೆಸರು ಉಳಿಯಿತು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಹೊಸಬರ ಪರಿಚಯವಾದರೆ ಊರು ಕೇಳಿದ ಮೇಲೆ ಅಡ್ಡಹೆಸರು ಕೇಳುವುದು ರೂಢಿ. ಅದು ಕಿವಿಗೆ ಬಿದ್ದೊಡನೆ ಜಾತಿ ಯಾವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುವವರೂ ಉಂಟು. ಆದರೆ 'ನಾಡಗೌಡ' ಎಂಬಲ್ಲಿ ಈ ಲೆಕ್ಕ ತಪ್ಪುತ್ತದೆ. ಈ ಹೆಸರಿನವರು ಲಿಂಗಾಯತರಲ್ಲೂ ಇದ್ದಾರೆ, ಬ್ರಾಹ್ಮಣರಲ್ಲೂ ಇದ್ದಾರೆ. ಕಾರಣ ಸರಳ. ಅದು ಕುಲದ ಹೆಸರಲ್ಲ, ಹುದ್ದೆಯ ಹೆಸರು.

ಹಳೆಯ ಶಾಸನಗಳಲ್ಲಿ ಊರಿನ ಮುಖ್ಯಸ್ಥನಿಗೆ ಗಾಮುಂಡ, ಗಾವುಂಡ ಎಂಬ ಹೆಸರಿದೆ. ಅದೇ ಸವೆದು ಗೌಡ ಆಯಿತು. ಹಲವು ಊರು ಸೇರಿದರೆ ನಾಡು. ಅದರ ಮುಖ್ಯಸ್ಥ ನಾಳ್ಗಾವುಂಡ, ಎಂದರೆ ನಾಡಗೌಡ. ಈ ಹುದ್ದೆ ಹೆಂಗಸರಿಗೂ ಸಂದದ್ದುಂಟು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, 10ನೇ ಶತಮಾನದ ಆರಂಭದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ನಾಗಾರ್ಜುನ ತೀರಿಕೊಂಡಾಗ ಅವನ ಮಡದಿ ಜಕ್ಕಿಯಬ್ಬೆಗೆ ಅದೇ ಅಧಿಕಾರ ದೊರೆಯಿತೆಂದು ಶಿಕಾರಿಪುರ ತಾಲೂಕಿನ ಬಂದಳಿಕೆಯ ಶಾಸನ ಹೇಳುತ್ತದೆ.

ಆದಿಲಶಾಹಿ ಮತ್ತು ಮರಾಠರ ಆಳ್ವಿಕೆಯಲ್ಲಿ ನಾಡಿನ ಜಾಗದಲ್ಲಿ ಪರಗಣೆ ಎಂಬ ಮಾತು ಬಳಕೆಗೆ ಬಂತು. ಊರಿಗೆ ಗೌಡ ಅಥವಾ ಪಾಟೀಲ, ಅವನ ಲೆಕ್ಕ ಬರೆಯಲು ಕುಲಕರ್ಣಿ. ಪರಗಣೆಗೆ ನಾಡಗೌಡ ಅಥವಾ ದೇಸಾಯಿ, ಅವನ ಲೆಕ್ಕಕ್ಕೆ ದೇಶಪಾಂಡೆ. ಕಂದಾಯ ಸೇರಿಸುವುದು, ತಂಟೆ ತೀರಿಸುವುದು ಇವರ ಕೆಲಸ. ಸಂಬಳದ ಬದಲು ಇನಾಮು ಭೂಮಿ. ಭೂಮಿಯೊಂದಿಗೆ ಕೆಲಸವೂ ತಂದೆಯಿಂದ ಮಗನಿಗೆ ಬಂತು. ಹಾಗೆ ವತನವೇ ಮನೆತನದ ಹೆಸರಾಯಿತು.

1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದವರು ಮುಂಡರಗಿಯ ಭೀಮರಾವ್ ನಾಡಗೌಡ ಮತ್ತು ಹಮ್ಮಿಗಿಯ ಕೆಂಚನಗೌಡ. ಇಬ್ಬರ ಹೆಸರಿನಲ್ಲೂ ಹಳೆಯ ಆ ಗಾವುಂಡನಿದ್ದಾನೆ.

ಮುಂದೆ ಹುದ್ದೆಗಳು ಒಂದೊಂದಾಗಿ ಬಿದ್ದವು. 1863-64ರ ಗಾರ್ಡನ್ ಒಪ್ಪಂದದಂತೆ ದೇಸಾಯಿ, ದೇಶಪಾಂಡೆ ಮೊದಲಾದವರನ್ನು ಸರಕಾರ ಕೆಲಸದಿಂದ ಬಿಡಿಸಿ, ಅದಕ್ಕೆ ಬದಲಾಗಿ ವತನದ ಮೇಲೆ ಜೋಡಿ ಎಂಬ ಹಣ ವಸೂಲಿ ಮಾಡತೊಡಗಿತು. 1950ರ ಮುಂಬಯಿ ಕಾಯಿದೆ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಪಡಿಸಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ ಊರ ಗೌಡಕಿಯೂ ಹೋಯಿತು.

ಅದೇ ಕಾಯಿದೆಯಿಂದ ತಳವಾರಿಕೆಯೂ ಹೋಯಿತು. ತಳವಾರ ಊರು ಕಾಯುವವನು. ವಾಲೀಕಾರ ಎಂದರೆ ಓಲೆಕಾರ, ಸರಕಾರದ ಓಲೆ ಒಯ್ಯುವವನು. ಇವೂ ಹುದ್ದೆಯಿಂದಲೇ ಹುಟ್ಟಿದ ಅಡ್ಡಹೆಸರುಗಳು. ಆದರೆ ಒಂದನ್ನು ಎದೆಯುಬ್ಬಿಸಿ ಹೇಳುತ್ತೇವೆ, ಇನ್ನೊಂದನ್ನು ಕೇಳಿ ಕುರ್ಚಿ ದೂರ ಸರಿಸುತ್ತೇವೆ. ಊರಿನ ಆಡಳಿತ ನಡೆಯಲು ಗೌಡನೂ ಬೇಕಿತ್ತು, ರಾತ್ರಿ ಗಸ್ತು ತಿರುಗುವ ತಳವಾರನೂ ಬೇಕಿತ್ತು. ಮನೆಯ ಹಿರಿಯರೊಬ್ಬರು ಒಂದು ಕಾಲಕ್ಕೆ ಯಾವ ಕೆಲಸಕ್ಕೆ ಹೊಣೆಯಾಗಿದ್ದರೆಂದು ಅಡ್ಡಹೆಸರು ಹೇಳೀತು. ಎದುರಿಗಿರುವ ಮನುಷ್ಯ ಎಂಥವನೆಂದು ಅದಕ್ಕೆ ಗೊತ್ತಿಲ್ಲ.